ಮಳೆಗಾಲದಲ್ಲಿ ಎರಡು ಪದರದ ಗ್ರಾಫೀನ್: ಡಿರಾಕ್ ಬಿಂದು 40 ವೋಲ್ಟ್ ಆಸುಪಾಸಿಗೆ ಸರಿಯುತ್ತಿದೆ

ಹೇಮಾವತಿತೀರ:
ಹಾಸನದ ಲ್ಯಾಬ್. ಟೇಪಿನಿಂದ ಬಿಡಿಸಿದ ಎರಡು ಪದರದ ಗ್ರಾಫೀನ್ (ಪ್ರತಿ ಪದರವೂ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ), ಕೆಳಗೆ 300 ನ್ಯಾನೋಮೀಟರ್ ಸಿಲಿಕಾನ್ ಡೈಆಕ್ಸೈಡ್, ಕ್ರೋಮಿಯಂ-ಚಿನ್ನದ ಸಂಪರ್ಕ, ಎರಡೇ ಪ್ರೋಬ್. ಗೇಟನ್ನು (ಆಕ್ಸೈಡಿನ ಆಚೆಯಿಂದ ವಾಹಕಗಳ ಸಂಖ್ಯೆ ಬದಲಿಸುವ ವಿದ್ಯುದ್ವಾರ) -60ರಿಂದ +60 ವೋಲ್ಟ್‌ಗೆ ಏರಿಸಿದಾಗ ರೋಧದ ಶಿಖರ, ಅಂದರೆ ಡಿರಾಕ್ ಬಿಂದು, 34ರಲ್ಲಿ, ಇಳಿಸುವಾಗ 46ರಲ್ಲಿ. ಬೇಸಿಗೆಯಲ್ಲಿ ಇಷ್ಟಿರಲಿಲ್ಲ. ಚಿಪ್ ತೇವ ಹೀರುವ ಸಿಲಿಕಾ ಜೆಲ್ ಡೆಸಿಕೇಟರ್‌ನಲ್ಲೇ ಇರುತ್ತದೆ. ಪದರದ ಎಣಿಕೆ ತಪ್ಪಿರಬಹುದೇ? ಗ್ಯಾಪ್ (ಎಲೆಕ್ಟ್ರಾನ್‌ಗೆ ಜಾಗವಿಲ್ಲದ ಶಕ್ತಿಯ ಅಂತರ) ಬರಬೇಕಾದ ಪದಾರ್ಥ ಆಫ್ ಆಗುವುದೂ ಇಲ್ಲವಲ್ಲ?

ಗಿರಿಯಂಚು, ಚಿಕ್ಕಮಗಳೂರು:
ಎಣಿಕೆ ಬಿಡಿ ಸರ್, ಇದು ನೀರು. 300 ನ್ಯಾನೋಮೀಟರ್ ಆಕ್ಸೈಡ್ ಮೇಲೆ ಗೇಟಿನ ಒಂದು ವೋಲ್ಟ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 7.2×10¹⁰ ವಾಹಕ. 40 ವೋಲ್ಟ್ ಸರಿದರೆ 2.9×10¹² ಹೋಲ್‌ಗಳು (ಎಲೆಕ್ಟ್ರಾನ್ ಖಾಲಿಯಾದ ಜಾಗಗಳು) ಗೇಟಿಲ್ಲದೆಯೇ ಕೂತಿವೆ. ಗಾಳಿಯ ಆಮ್ಲಜನಕ, ತೇವ ಸೇರಿ ಎಲೆಕ್ಟ್ರಾನ್ ಕಿತ್ತುಕೊಂಡ ಫಲ. ಏರುವಾಗ ಕಡಿಮೆ, ಇಳಿಯುವಾಗ ಹೆಚ್ಚು ವೋಲ್ಟ್‌ನಲ್ಲಿ ಶಿಖರ ಬಂದರೆ ಚಾರ್ಜ್ ಟ್ರ್ಯಾಪ್ ಆಗುತ್ತಿದೆ (ಸಿಕ್ಕಿಬೀಳುತ್ತಿದೆ) ಎಂದೇ ಲೆಕ್ಕ. ಸ್ವೀಪ್ ನಿಧಾನ ಮಾಡಿ ನೋಡಿ, ಅಂತರ ಹಿಗ್ಗಬೇಕು.

ಡೆಸಿಕೇಟರ್ ಸಾಲದು. ಆಕ್ಸೈಡಿನ ಹೈಡ್ರಾಕ್ಸಿಲ್ ಗುಂಪುಗಳು ಗ್ರಾಫೀನ್ ಅಡಿಯಲ್ಲೇ ನೀರು ಹಿಡಿದಿರುತ್ತವೆ. ನಿರ್ವಾತ ಪ್ರೋಬ್ ಸ್ಟೇಷನ್‌ನಲ್ಲಿ 10⁻⁵ ಮಿಲಿಬಾರ್‌ಗೆ ಇಳಿಸಿ, 120-150 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ನಿರ್ವಾತ ಮುರಿಯದೆ ಅಳೆಯಿರಿ. ಮುಂದಿನ ಚಿಪ್‌ಗೆ ಗ್ರಾಫೀನ್ ಇಡುವ ಮೊದಲೇ ಆಕ್ಸೈಡಿಗೆ ನೀರು ಹತ್ತದಂತೆ ಮಾಡುವ ಎಚ್‌ಎಂಡಿಎಸ್ ಲೇಪಿಸಿ.

ಸಂಖ್ಯೆಗಾರ:
ಸಂಪರ್ಕ ಮಾಡುವಾಗ ಬಳಸುವ ಪಿಎಂಎಂಎ ಪಾಲಿಮರಿನ ಉಳಿಕೆಯೂ ಇರುತ್ತದೆ, ಅಸಿಟೋನ್ ಒಂದರಿಂದ ಪೂರ್ತಿ ಹೋಗಲ್ಲ. ಆರ್ಗಾನ್-ಹೈಡ್ರೋಜನ್‌ನಲ್ಲಿ 300 ಡಿಗ್ರಿಗೆ ಕಾಯಿಸುವುದು ರೂಢಿ. ಆದರೆ ಕಾಯಿಸಿ ಗಾಳಿಗೆ ತೆಗೆದಿರೋ, ಶಿಖರ ಮೊದಲಿಗಿಂತ ದೂರ ಹೋಗಬಹುದು: ಬಿಸಿಗೆ ಗ್ರಾಫೀನ್ ಆಕ್ಸೈಡಿನ ಉಬ್ಬುತಗ್ಗಿಗೆ ಅಂಟಿಕೊಂಡು ಗಾಳಿಗೆ ಇನ್ನಷ್ಟು ಸ್ಪಂದಿಸುತ್ತದೆ. ಇದನ್ನು ತಿಳಿಯದೆ ಕುಲುಮೆಯನ್ನೇ ಬೈಯುವವರು ಬಹಳ.

ಎರಡು ಪ್ರೋಬ್ ಬಿಡಿ, ಸಂಪರ್ಕ ರೋಧ ಮೊಬಿಲಿಟಿಯ (ವಾಹಕಗಳು ಎಷ್ಟು ಸಲೀಸಾಗಿ ಓಡುತ್ತವೆ ಎಂಬುದರ) ಅಳತೆಯನ್ನು ತಿನ್ನುತ್ತದೆ. ನಾಲ್ಕು ಪ್ರೋಬ್, ಲಾಕ್-ಇನ್‌ನ (ಒಂದೇ ಆವರ್ತನದ ಸಣ್ಣ ಸಂಕೇತ ಅಳೆಯುವ ಉಪಕರಣ) 1 ವೋಲ್ಟ್‌ಗೆ ಸರಣಿಯಲ್ಲಿ 10 ಮೆಗಾಓಮ್ ಹಾಕಿದರೆ 100 ನ್ಯಾನೋಆಂಪಿಯರ್. ಆವರ್ತನ 17 ಹರ್ಟ್ಸ್ ಹತ್ತಿರ, ಮೇನ್ಸ್ ಕರೆಂಟಿನ 50ರ ಗುಣಕ ಬೇಡ.

ಹೇಮಾವತಿತೀರ:
ನಮ್ಮಲ್ಲಿರುವುದು ರೋಟರಿ ಪಂಪ್ ಮಾತ್ರ.

ಗಿರಿಯಂಚು, ಚಿಕ್ಕಮಗಳೂರು:
10⁻² ಮಿಲಿಬಾರ್ ಸಿಕ್ಕರೂ ಬಿಸಿ ಜೊತೆಗೆ ಸ್ವಲ್ಪ ಸುಧಾರಿಸುತ್ತದೆ. ಎಣ್ಣೆ ಆವಿ ಹಿಂದೆ ಬರದಂತೆ ಟ್ರ್ಯಾಪ್ ಹಾಕಿ, ಇಲ್ಲದಿದ್ದರೆ ನೀರು ಹೋಗಿ ಎಣ್ಣೆ ಕೂರುತ್ತದೆ. ಗ್ಯಾಪ್ ವಿಷಯ: ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ವಿಭವ ವ್ಯತ್ಯಾಸ ಬೇಕು. ಒಂದೇ ಗೇಟಿನಲ್ಲಿ ಕ್ಷೇತ್ರ ಹೆಚ್ಚಿಸಿದರೆ ವಾಹಕಗಳೂ ತುಂಬುತ್ತವೆ, ಫರ್ಮಿ ಮಟ್ಟ (ಎಲೆಕ್ಟ್ರಾನ್‌ಗಳು ಎಲ್ಲಿವರೆಗೆ ತುಂಬಿವೆ ಎಂಬ ಶಕ್ತಿಮಟ್ಟ) ಗ್ಯಾಪಿನೊಳಗೆ ನಿಲ್ಲದು. ಮೇಲೊಂದು ಗೇಟ್ ಹಾಕಿ ಎರಡರ ವೋಲ್ಟೇಜನ್ನೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿಸಿ.