ಫೆಲಿನಿಯ ಸ್ಯಾಟಿರಿಕಾನ್ (1969): ತುಟಿಗೂ ಮಾತಿಗೂ ತಾಳೆಯಿಲ್ಲ, ಕಥೆಗೆ ತಲೆಬುಡವಿಲ್ಲ. ನೋಡೋದು ಹೇಗೆ?

ಗೋಡೆಬರಹ:

ಇಟಲಿಯ ನಿರ್ದೇಶಕ ಫೆಲಿನಿಯ ಈ ಸಿನಿಮಾ ಚೆನ್ನಾಗಿ ಬಲ್ಲವರಿಗೆ ನಾಲ್ಕು ಪ್ರಶ್ನೆ.

ಇಟಾಲಿಯನ್ ಧ್ವನಿ ಹಾಕಿದರೆ ತುಟಿ ಒಂದು ಹೇಳುತ್ತೆ, ಕಿವಿಗೆ ಇನ್ನೊಂದು ಕೇಳುತ್ತೆ. ಪ್ರತಿ ಕೆಟ್ಟಿದೆಯೋ, ಸಿನಿಮಾನೇ ಹಾಗೋ? ಎರಡನೇದು, ಭೂಕಂಪ ಆಗಿ ಇಡೀ ವಠಾರ ಕುಸಿಯುತ್ತೆ, ಮರುಕ್ಷಣ ಕಥಾನಾಯಕ ಎನ್‌ಕೋಲ್ಪಿಯೋ ಚಿತ್ರಶಾಲೆಯಲ್ಲಿ ನಿಂತಿರ್ತಾನೆ. ಬದುಕಿದ್ದು ಹೇಗೆ ಅಂತ ಯಾರೂ ಹೇಳಲ್ಲ. ನಡುವೆ ಏನಾದರೂ ಕತ್ತರಿ ಬಿದ್ದಿದೆಯಾ? ಮೂರನೇದು, ಹಳೇ ರೋಮ್‌ನ ಲೇಖಕ ಪೆಟ್ರೋನಿಯಸ್‌ನ ಮೂಲ ಓದದೆ ನೋಡಿದರೆ ನಷ್ಟವಾ? ಕೊನೇದು, ಇದರಲ್ಲಿ ನಿಜವಾದ ರೋಮ್ ಎಷ್ಟು, ಕಲ್ಪನೆ ಎಷ್ಟು?

"ಅರ್ಥ ಹುಡುಕಬೇಡಿ, ಅನುಭವಿಸಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಹಳೇ ರೀಲು:

ಧ್ವನಿ, ಪ್ರತಿ ಎರಡರ ಬಗ್ಗೆ ನಾನು ಹೇಳ್ತೀನಿ. ಪುಸ್ತಕದ್ದು ತಾಳೆಗರಿ ಮೇಷ್ಟ್ರಿಗೆ ಬಿಟ್ಟಿದ್ದು.

ತುಟಿ ಜಾರೋದು ಸಿನಿಮಾದ್ದೇ. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ಜಾಗದಲ್ಲೇ ಮಾತು ಹಿಡಿಯೋ ರೂಢಿ ಇರಲಿಲ್ಲ, ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಕೂರಿಸ್ತಿದ್ರು. ಇಲ್ಲಂತೂ ಎನ್‌ಕೋಲ್ಪಿಯೋ ಆಗಿರುವ ಮಾರ್ಟಿನ್ ಪಾಟರ್ ಇಂಗ್ಲಿಷ್‌ನವನು, ಅವನ ಗೆಳೆಯ ಅಶಿಲ್ತೋ ಆಗಿರುವ ಹೈರಮ್ ಕೆಲ್ಲರ್ ಅಮೆರಿಕದವನು, ಹಡಗಿನ ಒಡೆಯ ಲೀಕಾ ಆಗಿರುವ ಅಲೆನ್ ಕ್ಯೂನಿ ಫ್ರಾನ್ಸಿನವನು. ಸಾಲದ್ದಕ್ಕೆ ಫೆಲಿನಿಗೆ ನಟರಿಂದ ಸಂಭಾಷಣೆ ಬದಲು ಬರೀ ಅಂಕಿ ಹೇಳಿಸೋ ಅಭ್ಯಾಸ ಬೇರೆ. ಈ ಚಿತ್ರದಲ್ಲಿ ಆ ಬಿರುಕನ್ನ ಮುಚ್ಚೋಕೆ ಅವನು ಪ್ರಯತ್ನವನ್ನೇ ಮಾಡಿಲ್ಲ. ಹಳೇ ಕಾಲದ ಜನರ ದನಿ ಅವರ ಬಾಯಿಂದಲ್ಲ, ಬೇರೆಲ್ಲಿಂದಲೋ ಬರ್ತಿದೆ ಅನ್ನಿಸುತ್ತಲ್ಲ, ಅದು ಬೇಕಂತಲೇ ಮಾಡಿದ್ದು.

ಆದರೂ ನಿಮ್ಮ ಪ್ರತಿ ಸರಿ ಇದೆಯಾ ಅಂತ ಪರೀಕ್ಷೆ ಮಾಡ್ಕೊಳ್ಳಿ. ಮಾತು ಬಿಟ್ಟು ಏಟಿನ ಸದ್ದು ಗಮನಿಸಿ: ಕಲ್ಲು ಬೀಳೋದು, ಕತ್ತಿ ತಾಗೋದು, ಚಪ್ಪಾಳೆ. ಅವು ಚಿತ್ರಕ್ಕೆ ಕೂತಿದ್ದು ಮಾತು ಮಾತ್ರ ಜಾರಿದರೆ ದೋಷ ಏನಿಲ್ಲ. ಎಲ್ಲ ಸದ್ದೂ ಒಂದೇ ಅಂತರದಲ್ಲಿ ಹಿಂದೆ ಬಿದ್ದರೆ ತಪ್ಪು ಪ್ಲೇಯರ್‌ದು, ಧ್ವನಿಯನ್ನ 50 ಮಿಲಿಸೆಕೆಂಡಿನಷ್ಟು ಹಿಂದೆ ಮುಂದೆ ಸರಿಸಿ ನೋಡಿ. ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದರೆ, ಫ್ರೇಮಿನ ವೇಗ ಬೇರೆಯಾಗಿರೋ ಎರಡು ಕಡತಗಳನ್ನ ಯಾರೋ ಹೊಲಿದಿದ್ದಾರೆ ಅಂತ ಅರ್ಥ. ಅದನ್ನ ಸರಿ ಮಾಡೋಕೆ ಹೋಗಬೇಡಿ, ಬೇರೆ ಪ್ರತಿ ಹುಡುಕಿ.

ಅವಧಿಯನ್ನೂ ನೋಡಿ. ಸಿನಿಮಾ ಸುಮಾರು 129 ನಿಮಿಷ. ನಿಮ್ಮದರಲ್ಲಿ 124 ಇದ್ದರೆ ಕತ್ತರಿ ಬಿದ್ದಿದೆ ಅಂತಲೇ ತಿಳಿಯಬೇಡಿ. ಸೆಕೆಂಡಿಗೆ 24 ಫ್ರೇಮಿನದ್ದನ್ನ ಯೂರೋಪಿನ ಹಳೇ ಡಿವಿಡಿಗಳಲ್ಲಿ 25ಕ್ಕೆ ಓಡಿಸ್ತಿದ್ರು, ಅದರಿಂದ ಶೇಕಡಾ 4ರಷ್ಟು ವೇಗ ಹೆಚ್ಚಿ ದನಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆಯಷ್ಟು ಏರಿರುತ್ತೆ.

ಚೌಕಟ್ಟು 2.35:1. ಟಿವಿಯ ಪರದೆ ಪೂರ್ತಿ ತುಂಬಿದ್ದರೆ ಅಗಲದಲ್ಲಿ ಹತ್ತಿರಹತ್ತಿರ ಕಾಲುಭಾಗ ಹೋಯ್ತು ಅಂತಲೇ ಲೆಕ್ಕ. ಬೇರೆ ಚಿತ್ರವಾದರೆ ಹೇಗೋ ಸಹಿಸಬಹುದು, ಇಲ್ಲಿ ಮುಖ್ಯವಾದ ಮುಖಗಳು ಇರೋದೇ ಅಂಚಿನಲ್ಲಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲಿ. ಟಿವಿಯಲ್ಲಿ ಚಲನೆ ನುಣುಪು ಮಾಡೋ ಆಯ್ಕೆ ಇದ್ದರೆ ಆಫ್ ಮಾಡಿ. ಬೆಳಕು ಜಾಸ್ತಿ ಮಾಡಿ ಕತ್ತಲನ್ನ ಬೂದು ಮಾಡಬೇಡಿ, ರೋಮ್‌ನ ಬಡವರ ಕೇರಿ ಸುಬುರ್ರಾದ ಓಣಿ ಇರೋದೇ ಕತ್ತಲಲ್ಲಿ. 2015ರಲ್ಲಿ ಕ್ರೈಟೀರಿಯನ್ ಅನ್ನೋ ಸಂಸ್ಥೆ ತಂದ 4ಕೆ ಮರುಸ್ಥಾಪನೆಯ ಬ್ಲೂ-ರೇ ಸಿಕ್ಕರೆ ಬೇರೆ ಯೋಚನೆ ಬೇಡ.

ಇನ್ನೊಂದು: ಕೆಲವು ಕಡೆ ಲ್ಯಾಟಿನ್, ಗ್ರೀಕ್ ಮಾತು ಬರುತ್ತೆ, ಅಡಿಬರಹ ಬರಲ್ಲ. ಸಿರಿವಂತ ತ್ರಿಮಾಲ್ಕಿಯೋನ ಔತಣದಲ್ಲಿ ಹೋಮರನ ಸಾಲು ಹೇಳೋ ನಟರು ಬಂದಾಗ ಅಡಿಬರಹಕ್ಕೆ ತಡಕಾಡಬೇಡಿ. ಆ ಔತಣದಲ್ಲಿ ಕೂತಿರೋ ಅತಿಥಿಗಳಿಗೂ ಗ್ರೀಕ್ ಅಷ್ಟಕ್ಕಷ್ಟೇ.

ತಾಳೆಗರಿ ಮೇಷ್ಟ್ರು:

ಕತ್ತರಿ ಬಿದ್ದದ್ದು ಸಿನಿಮಾಕ್ಕಲ್ಲ, ಪುಸ್ತಕಕ್ಕೆ. ಪೆಟ್ರೋನಿಯಸ್‌ನ ಕೃತಿ ನೀರೋನ ಕಾಲದ್ದು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅದರಲ್ಲಿ ನಮಗೆ ದಕ್ಕಿರುವುದು 14, 15, 16ನೇ ಸಂಪುಟಗಳ ಚೂರುಗಳು ಮಾತ್ರ, ಆದಿಯೂ ಇಲ್ಲ, ಅಂತ್ಯವೂ ಇಲ್ಲ. ತ್ರಿಮಾಲ್ಕಿಯೋನ ಔತಣದ ಪೂರ್ಣ ಪಾಠವಂತೂ 1650ರ ಸುಮಾರಿಗೆ ದಾಲ್ಮೇಶಿಯದ (ಈಗಿನ ಕ್ರೊಯೇಷಿಯಾ) ತ್ರೋಗಿರ್ ಊರಿನಲ್ಲಿ ಸಿಕ್ಕ ಒಂದೇ ಹಸ್ತಪ್ರತಿಯಿಂದ ಬಂದದ್ದು. ಗೆದ್ದಲು ತಿಂದ ಗರಿಗಳ ನಡುವಿನ ಜಾಗವನ್ನು ಚಿತ್ರಕಥೆಗಾರ ತುಂಬಿಸಬಹುದಿತ್ತು. ಫೆಲಿನಿಯೂ ಜೊತೆಯಲ್ಲಿ ಚಿತ್ರಕಥೆ ಬರೆದ ಬೆರ್ನಾರ್ದಿನೋ ಜಪ್ಪೋನಿಯೂ ತುಂಬಿಸಲಿಲ್ಲ, ತೂತನ್ನು ತೂತಾಗಿಯೇ ತೋರಿಸಿದರು. ವಠಾರದಿಂದ ಚಿತ್ರಶಾಲೆಗೆ ಆ ನೆಗೆತ ಹುಟ್ಟಿದ್ದು ಹೀಗೆ. ಪುಸ್ತಕದಲ್ಲಿ ಭೂಕಂಪವೇ ಇಲ್ಲ, ಚಿತ್ರಶಾಲೆ 83ನೇ ಅಧ್ಯಾಯದಲ್ಲಿ ಬರುತ್ತದೆ.

ಓದಬೇಕೇ ಎಂದರೆ, ಉಳಿದ 141 ಅಧ್ಯಾಯಗಳನ್ನೂ ಓದಬೇಕಿಲ್ಲ. 26ರಿಂದ 78, ಅಂದರೆ ಔತಣ, ಮೊದಲೇ ಓದಿ. ಪುಟ್ಟ ಅಧ್ಯಾಯಗಳು, ಒಂದು ಸಂಜೆ ಸಾಕು. ಕರುಳು ತೆಗೆಯದೆ ಬೇಯಿಸಿದ ಎಂದು ಅಡುಗೆಯವನ ಮೇಲೆ ಯಜಮಾನ ಎಗರಾಡುವುದು, ಹಂದಿಯ ಹೊಟ್ಟೆ ಸೀಳಿದರೆ ಸಾಸೇಜುಗಳು ಸುರಿಯುವುದು 49ನೇ ಅಧ್ಯಾಯ. ಅದು ಮೊದಲೇ ಹೂಡಿದ ಆಟ ಎಂದು ಗೊತ್ತಿದ್ದರೆ ತೆರೆಯ ಮೇಲೆ ಅಡುಗೆಯವನ ಮುಖದ ಬದಲು ಅತಿಥಿಗಳ ಮುಖ ನೋಡುತ್ತೀರಿ, ಅಲ್ಲೇ ಇರುವುದು ಸ್ವಾರಸ್ಯ. ಆಮೇಲೆ 111, 112: ಎಫೆಸಸ್‌ನ ವಿಧವೆಯ ಕಥೆ. ಪುಸ್ತಕದಲ್ಲಿ ಕವಿ ಯುಮೋಲ್ಪೋ ಇದನ್ನು ಹಡಗಿನಲ್ಲಿ ಹೇಳುತ್ತಾನೆ. ಸಿನಿಮಾ ಅದನ್ನು ಕಿತ್ತು ತ್ರಿಮಾಲ್ಕಿಯೋನ ಗೋರಿಯ ಬಳಿಗೆ ತಂದಿದೆ. ಬದುಕಿರುವವನು ತನ್ನ ಸಾವಿನ ತಾಲೀಮು ನಡೆಸುವ ಜಾಗದಲ್ಲಿ ಗಂಡನ ಹೆಣವನ್ನೇ ಶಿಲುಬೆಗೇರಿಸಿದ ಹೆಂಗಸಿನ ಕಥೆ! ಮೂಲಕ್ಕಿಂತ ಸಿನಿಮಾದ ಜಾಗವೇ ಒಪ್ಪುತ್ತದೆ ಎನ್ನುವುದು ನನ್ನ ಮತ. ಕೊನೆಯದಾಗಿ 141: ತನ್ನ ಹೆಣವನ್ನು ತಿಂದವರಿಗೇ ಆಸ್ತಿ ಎಂಬ ಯುಮೋಲ್ಪೋನ ಉಯಿಲು.

ಪುಸ್ತಕದಲ್ಲಿ ಇಲ್ಲದ್ದು ಬಹಳ ಇದೆ. ಚಕ್ರವ್ಯೂಹದಲ್ಲಿ ನಡೆಯುವ ಮಿನೋಟಾರ್ (ಗೂಳಿತಲೆಯ ಮನುಷ್ಯ) ಕಾಳಗವು ನಗೆದೇವರ ಹಬ್ಬದ ಕುಚೇಷ್ಟೆ. ಆ ಹಬ್ಬ ರೋಮನ್ ಲೇಖಕ ಅಪುಲಿಯಸ್‌ನ ‘ಚಿನ್ನದ ಕತ್ತೆ’ಯ 3ನೇ ಭಾಗದಿಂದ ಬಂದದ್ದು. ಎನೋತೇಯಾ ಪೆಟ್ರೋನಿಯಸ್‌ನಲ್ಲಿ ಪುರುಷತ್ವ ಮರಳಿಸುವ ಪೂಜಾರಿಣಿ. ಆದರೆ ಮಾಂತ್ರಿಕನನ್ನು ಬುಟ್ಟಿಯಲ್ಲಿ ನೇತುಹಾಕಿದ್ದಕ್ಕೆ ಊರಿನ ಬೆಂಕಿಯೆಲ್ಲ ಆರಿ ಅವಳ ಮೈಯಿಂದಲೇ ಕಿಡಿ ತರಬೇಕಾದ ಕಥೆ, ಕವಿ ವರ್ಜಿಲ್ ಮಂತ್ರವಾದಿಯಾಗಿದ್ದ ಎಂದು ಹೇಳುವ ಮಧ್ಯಯುಗದ ದಂತಕಥೆ. ರೋಮ್ ಮುಗಿದು ನೂರಾರು ವರ್ಷದ ಮೇಲೆ ಹುಟ್ಟಿದ್ದು.

ಲೀಕಾ ವಧುವಿನ ಮುಸುಕು ಹಾಕಿಕೊಂಡು ಎನ್‌ಕೋಲ್ಪಿಯೋನನ್ನು ಮದುವೆಯಾಗುವುದು ಪುಸ್ತಕದಲ್ಲಿಲ್ಲ. ಆದರೆ ನೀರೋ ಹಾಗೇ ಮುಸುಕು ಹಾಕಿ ಪೈಥಾಗೊರಸ್ ಎಂಬವನ ವಧುವಾದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆಳುಗಳನ್ನು ಬಿಡುಗಡೆ ಮಾಡಿ, ಮಕ್ಕಳನ್ನು ಕಳಿಸಿ, ನರ ಕೊಯ್ದುಕೊಳ್ಳುವ ಶ್ರೀಮಂತ ದಂಪತಿ ಬರುತ್ತಾರಲ್ಲ, ಅದನ್ನು ನೋಡುವಾಗ ಟ್ಯಾಸಿಟಸ್‌ನ ‘ಆನಲ್ಸ್’ 16ನೇ ಭಾಗ ನೆನಪಾಗದೆ ಇರದು. ಪೆಟ್ರೋನಿಯಸ್ ಕ್ರಿ.ಶ. 66ರಲ್ಲಿ ಸತ್ತದ್ದೂ ಹೀಗೆಯೇ, ನರ ಕೊಯ್ದು, ಕಟ್ಟಿ, ಮತ್ತೆ ಬಿಚ್ಚಿ, ನಡುವೆ ಗೆಳೆಯರ ಜೊತೆ ಹರಟುತ್ತಾ. ಪುಸ್ತಕ ಬರೆದವನ ಸಾವೇ ಸಿನಿಮಾದೊಳಗೆ ಹೊಕ್ಕಂತಿದೆ.

ಹಾಗಾಗಿ ನಿಮ್ಮ ನಾಲ್ಕನೇ ಪ್ರಶ್ನೆಗೆ ಶೇಕಡಾ ಲೆಕ್ಕ ಕೊಡಲಾಗದು. ಬಿಡಿಬಿಡಿಯಾಗಿ ನೋಡಿದರೆ ಬಹುಪಾಲಿಗೆ ಯಾವುದೋ ಹಳೆಯ ಬರಹದ ಆಧಾರವಿದೆ, ಒಟ್ಟಾರೆ ಅಂಥ ರೋಮ್ ಎಂದೂ ಇರಲಿಲ್ಲ.

ಭಿತ್ತಿಕಣ್ಣು:

ಮೇಷ್ಟ್ರೇ, ಒಂದು ತಕರಾರು. ಔತಣ ಮೊದಲೇ ಓದಿಕೊಂಡು ಹೋದವರು ಸಿನಿಮಾ ನೋಡಲ್ಲ, ಪುಸ್ತಕದ ಪುಟ ಗುರುತು ಹಾಕ್ತಾ ಕೂರ್ತಾರೆ. ಮೊದಲ ಸಲ ಬರಿಗಣ್ಣಲ್ಲಿ ನೋಡಲಿ, ಓದು ಆಮೇಲೆ. ಫೆಲಿನಿ ಇದನ್ನ ಭೂತಕಾಲದ ವೈಜ್ಞಾನಿಕ ಕಲ್ಪನೆ ಅನ್ನೋ ಅರ್ಥದಲ್ಲಿ ವರ್ಣಿಸಿದ್ದ. ಗೊತ್ತಿಲ್ಲದ ಗ್ರಹಕ್ಕೆ ಇಳಿದವರ ಕೈಯಲ್ಲಿ ಊರಿನ ನಕಾಶೆ ಇರಬಾರದು.

ಹೋಗಲಿ, ಗೋಡೆಬರಹ ಅವರೇ, ಕಣ್ಣಿಗೆ ಕೆಲಸ ಹೇಳ್ತೀನಿ. ಸುಬುರ್ರಾದಲ್ಲಿ ಎನ್‌ಕೋಲ್ಪಿಯೋ ತಾನು ಪ್ರೀತಿಸೋ ಹುಡುಗ ಜಿತೋನೆಯ ಜೊತೆ ನಡೆದು ಹೋಗೋ ಭಾಗವನ್ನ ಒಮ್ಮೆ ಸದ್ದಿಲ್ಲದೆ ನೋಡಿ. ಕ್ಯಾಮರಾ ಅವರ ಪಕ್ಕದಲ್ಲೇ ಜಾರುತ್ತೆ, ಬದಿಯ ಗೂಡುಗಳು ಒಂದೊಂದಾಗಿ ತೆರೆದುಕೊಳ್ತವೆ, ಪ್ರತಿ ಗೂಡಿನಿಂದ ಯಾರೋ ನೇರ ಕ್ಯಾಮರಾಕ್ಕೇ ದಿಟ್ಟಿಸ್ತಾರೆ. ಉದ್ದಕ್ಕೆ ಬರೆದ ಭಿತ್ತಿಚಿತ್ರದ ಮುಂದೆ ನಡೆದ ಹಾಗೆ. ಎಲ್ಲಿಂದ ಎಲ್ಲಿಗೆ, ಯಾವ ದಿಕ್ಕು ಅಂತ ಹೇಳೋ ದೂರದ ನೋಟ ಈ ಚಿತ್ರದಲ್ಲಿ ಬಲು ಅಪರೂಪ. ದಾರಿ ತಪ್ಪಿದ ಹಾಗೆ ಅನ್ನಿಸೋಕೆ ಇದೇ ಮುಖ್ಯ ಕಾರಣ, ಕಥೆ ಅಲ್ಲ.

ಬಣ್ಣ: ಜೂಸೆಪ್ಪೆ ರೊತುನ್ನೋನ ಛಾಯಾಗ್ರಹಣ, ದಾನಿಲೋ ದೊನಾತಿಯ ಉಡುಪು. ಔತಣ ಪೂರಾ ಕೆಂಪು, ಹೊಗೆ, ಬೆವರು. ಚಕ್ರವ್ಯೂಹದ ಕಾಳಗ ಕಣ್ಣು ಕುಕ್ಕೋ ಬಿಸಿಲು, ಬಿಳಿ ಧೂಳು. ದಂಪತಿಯ ಮನೆ ಮಾತ್ರ ಸಾದಾ ಹಗಲ ಬೆಳಕಲ್ಲಿದೆ, ಅಲ್ಲಿ ಮಾತ್ರ ಗೋಡೆ, ಅಂಗಳ, ಮನುಷ್ಯರು ಒಂದಕ್ಕೊಂದು ಅಳತೆಯಲ್ಲಿದ್ದಾರೆ. ಇಡೀ ಸಿನಿಮಾದಲ್ಲಿ ನಮಗೆ ಪರಿಚಿತ ಅನ್ನಿಸೋ ಒಂದೇ ಮನೆ ಅದು, ಅದರ ಯಜಮಾನರು ಸಾಯ್ತಾರೆ.

ಮುಖಗಳ ಆಯ್ಕೆಯನ್ನೂ ಮರೆಯಬೇಡಿ. ತ್ರಿಮಾಲ್ಕಿಯೋ ಆಗಿರೋ ಮಾರಿಯೋ ರೊಮಾನ್ಯೋಲಿ ವೃತ್ತಿನಟನೇ ಅಲ್ಲ, ರೋಮ್‌ನಲ್ಲಿ ‘ಅಲ್ ಮೋರೋ’ ಅನ್ನೋ ಹೋಟೆಲಿನ ಮಾಲೀಕ. ಊಟ ಹಾಕುವವನ ಗತ್ತು ಬಂದಿದ್ದು ಅಲ್ಲಿಂದ.

ಸಂಗೀತ ನೀನೋ ರೋಟಾನದ್ದು, ಆದರೆ ಅವನ ಎಂದಿನ ಸರ್ಕಸ್ ಮೆರವಣಿಗೆ ಇಲ್ಲಿಲ್ಲ. ಇಲ್ಹಾನ್ ಮಿಮರೋಗ್ಲು, ಟಾಡ್ ಡಾಕ್‌ಸ್ಟೇಡರ್, ಆಂಡ್ರ್ಯೂ ರೂಡಿನ್ ಇವರ ಎಲೆಕ್ಟ್ರಾನಿಕ್ ಸದ್ದುಗಳೂ ಸೇರಿವೆ. ಬಾಲಿಯ ಕೆಚಕ್ ಕೂಡ ಕೇಳುತ್ತೆ, ಅಂದರೆ ರಾಮಾಯಣದ ಕಪಿಸೇನೆಯ "ಚಕ್ ಚಕ್" ಗುಂಪುಗಾಯನ! ರೋಮ್‌ನವರ ಸಂಗೀತ ನಿಜಕ್ಕೂ ಹೇಗಿತ್ತು ಅಂತ ಹೇಳೋಕೆ ಹೆಚ್ಚೇನೂ ಉಳಿದಿಲ್ಲ, ಅದಕ್ಕೇ ಯಾರಿಗೂ ‘ಇದು ರೋಮ್’ ಅನ್ನಿಸದ ಸದ್ದುಗಳನ್ನೇ ಪೇರಿಸಿಟ್ಟಿದ್ದಾನೆ.

ಗೋಡೆಬರಹ:

ತುಂಬಾ ಉಪಕಾರ. ಏಟಿನ ಸದ್ದೆಲ್ಲ ಸರಿ ಕೂತಿದೆ, ಅವಧಿಯೂ 129. ಒಂದೇ ಒಂದು ಉಳಿದಿದೆ: ದ್ವಿತೀಯಾರ್ಧದಲ್ಲಿ ಹಿಡ್ಕೊಳ್ಳೋಕೆ ಒಂದಾದರೂ ಎಳೆ ಇದೆಯಾ? ಮತ್ತೆ ಕೊನೆಗೆ ಮಾತು ಅರ್ಧಕ್ಕೇ ನಿಲ್ಲುತ್ತಲ್ಲ, ಅದೂ ಬೇಕಂತಲೇನಾ?

ಹಳೇ ರೀಲು:

ಎಳೆ ಇದೆ, ತೆಳ್ಳಗಿದೆ. ಚಕ್ರವ್ಯೂಹ ಮುಗಿದ ಮೇಲೆ ಜನರೆದುರಿಗೆ ಎನ್‌ಕೋಲ್ಪಿಯೋನ ಪುರುಷತ್ವ ಕೈಕೊಡುತ್ತೆ. ಅಲ್ಲಿಂದ ಎನೋತೇಯಾ ತನಕ ನಡೆಯೋದೆಲ್ಲ ಅದರ ಚಿಕಿತ್ಸೆ. ಅವನಿಗೆ ವಾಸಿಯಾಗೋ ಹೊತ್ತಿಗೆ ಅಶಿಲ್ತೋನನ್ನ ದೋಣಿಯವನು ಕೊಂದಿರ್ತಾನೆ. ಇದನ್ನ ಹಿಡಿದುಕೊಂಡರೆ ನಡುವೆ ಬರೋ ಬೇರೆ ಕಥೆಗಳು ಅಡ್ಡ ಬರಲ್ಲ. ಅಂದಹಾಗೆ ಇದು ದೊಡ್ಡವರ ಚಿತ್ರ. ರಂಗದ ಮೇಲೆ ಕೈ ಕತ್ತರಿಸೋದರಿಂದ ಹಿಡಿದು ಹುಡುಗ ಜಿತೋನೆಯ ಪ್ರಸಂಗದ ತನಕ, ಯಾರ ಜೊತೆ ಕೂತು ನೋಡ್ತೀರಿ ಅನ್ನೋದನ್ನ ಯೋಚಿಸಿ.

ತಾಳೆಗರಿ ಮೇಷ್ಟ್ರು:

ಬೇಕೆಂತಲೇ. ಮೂಲವೂ 141ನೇ ಅಧ್ಯಾಯದಲ್ಲಿ ಹಾಗೇ ತುಂಡಾಗಿ ನಿಂತಿದೆ. ಸಿನಿಮಾದಲ್ಲಿ ಅತ್ತ ವಾರಸುದಾರರು ಗಂಭೀರವಾಗಿ ಹೆಣ ಅಗಿಯುತ್ತಿರುವಾಗ ಎನ್‌ಕೋಲ್ಪಿಯೋ ಹುಡುಗರ ಜೊತೆ ಹಡಗು ಹತ್ತುತ್ತಾನೆ, ಯಾವುದೋ ದ್ವೀಪದಲ್ಲಿ ಕಂಡ ಗ್ರೀಕ್ ಯುವಕನ ಮಾತು ಹೇಳಲು ಹೊರಟು ವಾಕ್ಯದ ನಡುವೆಯೇ ನಿಲ್ಲುತ್ತಾನೆ.

ಭಿತ್ತಿಕಣ್ಣು:

ಅಲ್ಲಿಗೆ ನಿಲ್ಲಿಸಬೇಡಿ, ಮುಂದಿನ ಚಿತ್ರಿಕೆ ನೋಡಿ. ಕಡಲಂಚಿನ ಮುರಿದ ಗೋಡೆಗಳ ಮೇಲೆ ಅದುವರೆಗೆ ಕಂಡ ಮುಖಗಳೆಲ್ಲ ಮಾಸಿದ ಬಣ್ಣದಲ್ಲಿ ಬರೆದಿರ್ತವೆ. ಆಮೇಲೆ ಮತ್ತೆ ಸಿನಿಮಾದ ಮೊದಲ ಚೌಕಟ್ಟಿಗೆ ಹೋಗಿ: ಗೀಚುಬರಹ ತುಂಬಿದ ಗೋಡೆ, ಅದರ ಮುಂದೆ ಬೆನ್ನು ಹಾಕಿ ನಿಂತ ಎನ್‌ಕೋಲ್ಪಿಯೋ.