ಮಾಲ್ಗುಡಿಯಲ್ಲಿ ಮನೆ ಬಾಡಿಗೆಗಿದೆ

"ತೀರ್ಮಾನ ಮಾಡಿಬಿಟ್ಟೆ. ನಾನು ಮಾಲ್ಗುಡಿಗೆ ಹೋಗಿ ಇದ್ದುಬಿಡುತ್ತೇನೆ," ಅಂದ ಸೀನ.

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಬಸವನಗುಡಿಯ ಮಾಮೂಲಿ ದರ್ಶಿನಿ, ಮಾಮೂಲಿ ಮೂಲೆ ಟೇಬಲ್ಲು. ಇಡ್ಲಿಯನ್ನು ಚಟ್ನಿಯಲ್ಲಿ ಮುಳುಗಿಸುತ್ತಿದ್ದ ಪದ್ದಕ್ಕ ತಲೆ ಎತ್ತಲಿಲ್ಲ.

"ಹೋಗು. ಹೋಗುವಾಗ ಗ್ಯಾಸ್ ಆಫ್ ಮಾಡು."

ರಾಯರು ಕೌಂಟರಿನಿಂದ ಬೈ ಟೂ ಕಾಫಿ ಹಿಡಿದು ಬಂದರು. ಅವರು ಯಾವತ್ತೂ ತರುವುದು ಬೈ ಟೂನೇ. ಇನ್ನರ್ಧ ನಾಗುವಿಗೆ. ನಾಗು ಕಾಫಿಗೆ ದುಡ್ಡು ಕೊಟ್ಟಿದ್ದನ್ನು ಇಲ್ಲಿಯವರೆಗೆ ಯಾರೂ ಕಂಡಿಲ್ಲ. ಬ್ರೋಕರ್ ಜಾತಕವೇ ಹಾಗೆ, ಎರಡೂ ಕಡೆಯಿಂದ ತಗೋಬೇಕು.

ಸೀನನ ಕಾಯಿಲೆಗೆ ಹದಿನೈದು ದಿನವಾಯಿತು. ಆಗುಂಬೆಗೆ ಹೋದ. ಶಂಕರ್ ನಾಗ್ 1986ರ ಹೊತ್ತಿಗೆ ದೂರದರ್ಶನಕ್ಕೆ ಮಾಲ್ಗುಡಿ ತೆಗೆದರಲ್ಲ, ಆ ದೊಡ್ಡ ಮನೆಯ ಕಂಬಕ್ಕೆ ಒರಗಿ ಒಂದು ರೀಲ್ ಮಾಡಿದ. ಹಿಂದೆ ಆ ಸೀರಿಯಲ್ಲಿಗೆ ವೈದ್ಯನಾಥನ್ ಅವರು ಮಾಡಿದ ಆ ರಾಗ. ಕೆಳಗೆ ಒಂದು ಸಾಲು, 'ನಾನು ತಪ್ಪು ಊರಿನಲ್ಲಿ ಹುಟ್ಟಿದೆ.' ಜನ ಮುಗಿಬಿದ್ದು ಲೈಕ್ ಒತ್ತಿದರು. ಅರ್ಧ ಜನ 'ನಾನೂ' ಅಂತ ಬರೆದರು. ಅವತ್ತಿನಿಂದ ಅವನಿಗೆ ಬೆಂಗಳೂರು ಸೇರುತ್ತಿಲ್ಲ.

"ಅಲ್ಲಿ ಎಷ್ಟು ದಿನ ಇದ್ದೆ?" ಕೇಳಿದಳು ಪದ್ದಕ್ಕ.

"ಒಂದೂವರೆ ದಿನ."

"ಮಿಕ್ಕ ಅರ್ಧ ದಿನ?"

"ಇಂಬಳ ಹತ್ತಿತು."

"ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಪ್ಪ ಅದು. ಇಂಬಳ ಹತ್ತದೆ ಉಬರ್ ಹತ್ತುತ್ತಾ?"

"ಪದ್ದಕ್ಕಾ, ನಾನು ಹೇಳ್ತಿರೋದು ಆಗುಂಬೆ ಅಲ್ಲ, ಮಾಲ್ಗುಡಿ. ಆರ್. ಕೆ. ನಾರಾಯಣರ ಮಾಲ್ಗುಡಿ. ಸರಯೂ ನದಿ, ಮರಳ ದಂಡೆ, ಮಾರ್ಕೆಟ್ ರೋಡು, ಒಂದು ಪುಟ್ಟ ರೈಲ್ವೆ ಸ್ಟೇಷನ್. ಟ್ರಾಫಿಕ್ ಇಲ್ಲ, ಮೀಟಿಂಗ್ ಇಲ್ಲ. ಸೋಮವಾರ ಅನ್ನೋದೇ ಇಲ್ಲ."

ಪದ್ದಕ್ಕ ಈಗ ತಲೆ ಎತ್ತಿದಳು. "ಪುಸ್ತಕ ಓದಿದ್ದೀಯಾ?"

"ಸೀರಿಯಲ್ ನೋಡಿದ್ದೀನಿ."

"ಸ್ವಾಮಿ ಅನ್ನೋ ಸ್ಕೂಲ್ ಹುಡುಗನ ಕಥೆ ಶುರುವಾಗುವುದೇ ಸೋಮವಾರ ಬೆಳಿಗ್ಗೆ. ಮೊದಲನೇ ಸಾಲೇ ಅದು. ಹುಡುಗನಿಗೆ ಕಣ್ಣು ಬಿಡೋಕೆ ಮನಸ್ಸಿಲ್ಲ. ನಿನ್ನ ಹಾಗೇ."

ನಾಗು ಜೇಬಿನಿಂದ ಸಣ್ಣ ಡೈರಿ ತೆಗೆದ. ಯಾರಾದರೂ 'ಇರಬೇಕು' ಅಂದರೆ ಸಾಕು, ಅವನ ಕೈ ತಾನಾಗಿ ಡೈರಿಗೆ ಹೋಗುತ್ತದೆ. "ಸೀನಣ್ಣ, ಬಾಡಿಗೆಗಾ, ಲೀಸಿಗಾ? ಟೂ ಬಿ ಎಚ್ ಕೆ ನಾ?"

"ಲೋ, ಅದು ಕಥೆಯ ಊರು ಕಣೋ."

"ಎಲ್ಲಾ ಊರೂ ಮೊದಲು ಕಥೆಯೇ ಸೀನಣ್ಣ. ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ ಅಂತ ನಾನು ಮಾರಿರೋ ಸೈಟುಗಳೇನು, ನಿಜವಾ?"

"ಆ ಊರು ಭೂಪಟದಲ್ಲೇ ಇಲ್ಲ ಅಂತ ನಾರಾಯಣರೇ ಬರೆದಿದ್ದಾರೆ," ಅಂದಳು ಪದ್ದಕ್ಕ. "ಆದರೂ ಅಮೆರಿಕದಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಪ್ರೆಸ್ಸಿನವರು ಒಂದು ಸಾಹಿತ್ಯದ ಅಟ್ಲಾಸು ತಂದು, ಅದರ ಭಾರತದ ಭೂಪಟದಲ್ಲಿ ಮಾಲ್ಗುಡಿಯನ್ನು ಗುರುತು ಮಾಡಿಬಿಟ್ಟಿದ್ದಾರೆ. ಅದನ್ನೂ ಅವರೇ ನಗುತ್ತಾ ಬರೆದಿದ್ದಾರೆ."

"ನೋಡಿದ್ರಾ! ಭೂಪಟ ಇದೆ ಅಂದ್ರೆ ಸರ್ವೆ ನಂಬರ್ ಇದ್ದೇ ಇರುತ್ತೆ. ಖಾತಾ ಮಾಡಿಸೋದು ನನಗೆ ಬಿಡಿ."

"ಮಲ್ಲೇಶ್ವರ, ಬಸವನಗುಡಿ ಎರಡೂ ಸೇರಿ ಮಾಲ್ಗುಡಿ ಆಯಿತು ಅಂತಾರಲ್ಲ, ನಿಜವಾ?" ಅಂದ ಸೀನ.

"ಜನ ಹಾಗೆ ಹೇಳಿಕೊಳ್ಳುತ್ತಾರೆ. ನಾನು ದಿನಾ ಮಲ್ಲೇಶ್ವರದ ಮಾಲ್ ಹತ್ತಿರ ಮೆಟ್ರೋ ಹತ್ತಿ, ಬಸವನಗುಡಿಯ ಗುಡಿ ಕಡೆ ಇಳಿಯುತ್ತೇನೆ. ಮಾಲ್‌ನಿಂದ ಗುಡಿಗೆ. ಈ ಊರಿನಲ್ಲಿ ಮಾಲ್ಗುಡಿಯ ಉದ್ದಗಲ ಓಡಾಡುವವಳು ನಾನೊಬ್ಬಳೇ. ಒಂದು ರೀಲೂ ಮಾಡಿಲ್ಲ."

ಸೀನನ ಕಣ್ಣು ಎಲ್ಲೋ ಇತ್ತು. "ರೈಲಿನಲ್ಲೇ ಹೋಗಿ ಇಳೀಬೇಕು. ಪುಟ್ಟ ಸ್ಟೇಷನ್. ಒಂದು ಕಲ್ಲು ಬೆಂಚು."

"ಮಾಲ್ಗುಡಿ ಎಕ್ಸ್‌ಪ್ರೆಸ್ ಅಂತ ಒಂದು ರೈಲಿಗೇ ಹೆಸರಿಟ್ಟರಲ್ಲ ನಮ್ಮವರು. ಮೈಸೂರಿನಿಂದ ಯಲಹಂಕಕ್ಕೆ ಅಂತ ಬಿಟ್ಟಿದ್ದು ಅದು."

"ಯಲಹಂಕದಲ್ಲೂ ಒಳ್ಳೆ ಮನೆ ಇವೆ," ಅಂದ ನಾಗು.

"ಸ್ಟೇಷನ್ನೇ ನೋಡಬೇಕಾ? ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಅರಸಾಳು ಇದೆ. ಸೀರಿಯಲ್ಲಿನ ಸ್ಟೇಷನ್ ಅದೇ. ಹಳೇ ಕಟ್ಟಡವನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಅಂತ ಬೋರ್ಡ್ ಹಾಕಿದ್ದಾರೆ. ಯೋಚನೆ ಮಾಡು. ಊರೇ ಇಲ್ಲ, ಮ್ಯೂಸಿಯಂ ಇದೆ."

ಪದ್ದಕ್ಕನಿಗೆ ಸಿಟ್ಟು ಸೀನನ ಮೇಲಲ್ಲ. ಇಡೀ ಕಾಲದ ಮೇಲೆ. ಅವಳ ತಂಗಿಯ ಮಗಳು ಕಳೆದ ವರ್ಷ ಲಂಡನ್ನಿಗೆ ಹೋದಳು. ಅಲ್ಲಿ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನ ಗೋಡೆಗೆ ಅರ್ಧ ತಳ್ಳುಗಾಡಿ ಅಂಟಿಸಿದ್ದಾರೆ, ಮಂತ್ರದ ಶಾಲೆಗೆ ಹೋಗುವ ಒಂಬತ್ತು ಮುಕ್ಕಾಲನೇ ಪ್ಲಾಟ್‌ಫಾರಂ ಅದು. ಗಾಡಿ ಹಿಡಿದು ಗೋಡೆಗೆ ನುಗ್ಗುವ ಹಾಗೆ ಫೋಟೋ ತೆಗೆಸಿಕೊಳ್ಳೋಕೆ ಹುಡುಗಿ ಕ್ಯೂ ನಿಂತಳು. ವಾಪಸು ಬಂದು, 'ದೊಡ್ಡಮ್ಮ, ನನ್ನ ನಿಜವಾದ ಮನೆ ಅದು' ಅಂತ ಅತ್ತಳು. ನಿಜವಾದ ಮನೆಯ ಈ ತಿಂಗಳ ಕರೆಂಟ್ ಬಿಲ್ ದೊಡ್ಡಮ್ಮನೇ ಕಟ್ಟಿದಳು.

"ಗೋಡೆಗೆ ನುಗ್ಗೋಕೆ ಅಷ್ಟು ದೂರ ಯಾಕೆ?" ಅಂದ ನಾಗು. "ನಾನು ತೋರಿಸೋ ಮನೆಗಳಲ್ಲಿ ಸುಮ್ನೆ ಒರಗಿದರೂ ಸಾಕು."

"ಅದಲ್ಲ ವಿಷಯ. ಎಲ್ಲರಿಗೂ ಕಥೆಯೊಳಗೆ ಹೋಗಬೇಕು. ಅಲ್ಲಿ ಹೋಗಿ ರಾಜಕುಮಾರ ಆಗಬೇಕು, ಮಂತ್ರವಾದಿ ಆಗಬೇಕು, ಇಲ್ಲಾ ಸ್ವಾಮಿಯ ಗೆಳೆಯ ಆಗಬೇಕು. ಕಥೆಯೊಳಗೆ ನೀರು ಹೊರುವವನಾಗಿ ಹೋಗುತ್ತೇನೆ ಅಂದವನನ್ನು ನಾನು ಇನ್ನೂ ನೋಡಿಲ್ಲ. ಸೀನ, ಮಾಲ್ಗುಡಿಯಲ್ಲಿ ನಿನ್ನ ಕೆಲಸ ಏನು?"

"ಏನೂ ಇಲ್ಲ. ಜಗಲಿ ಮೇಲೆ ಸುಮ್ನೆ ಕೂತಿರುತ್ತೇನೆ."

"ಸುಮ್ನೆ ಕೂತಿದ್ದ ಅದೇ ಊರಿನ ಗೈಡ್ ರಾಜುವನ್ನು ಸ್ವಾಮೀಜಿ ಅಂದುಕೊಂಡು ಮಳೆ ಬರಲಿ ಅಂತ ಉಪವಾಸ ಕೂರಿಸಿದರು. ಅದಕ್ಕೂ ಮೊದಲು ಅವನು ಜೈಲು ಬೇರೆ ನೋಡಿ ಬಂದಿದ್ದ. ನಿನಗೆ ಬೆಳಿಗ್ಗೆ ಎಂಟೂವರೆಗೆ ತಿಂಡಿ ಆಗದಿದ್ದರೆ ತಲೆನೋವು."

ಸೀನ ಎರಡನೇ ವಡೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ಸಾಲ ಏನಾದ್ರೂ ಮಾಡ್ತೀರಾ?" ನಾಗು ಬರೆದುಕೊಳ್ಳುತ್ತಲೇ ಇದ್ದ. "ಹೋಮ್ ಲೋನ್?"

"ಅಲ್ಲಿ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ಮಾರ್ಗಯ್ಯ ಅಂತ ಒಬ್ಬ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾನೆ," ಅಂದಳು ಪದ್ದಕ್ಕ. "ನಮ್ಮ ಲೋಕೇಶ್ ಸಿನಿಮಾದಲ್ಲಿ ಆ ಪಾರ್ಟು ಮಾಡಿದ್ದರಲ್ಲ. ಸಾಲ ಕೊಡಿಸುತ್ತಾನೆ. ಆಮೇಲೆ ಊರಿನವರ ದುಡ್ಡನ್ನೆಲ್ಲ ಜಾಸ್ತಿ ಬಡ್ಡಿ ಆಸೆ ತೋರಿಸಿ ಗುಡ್ಡೆ ಹಾಕುತ್ತಾನೆ. ಆಮೇಲೆ ಮುಳುಗುತ್ತಾನೆ. ಬೆಂಗಳೂರಿನವರಿಗೆ ಹೊಸದೇನಲ್ಲ, ಅಲ್ಲೂ ಮನೆಯಲ್ಲಿದ್ದ ಹಾಗೇ ಇರುತ್ತೆ."

"ಅಕ್ಕಪಕ್ಕದವರು ಹೇಗೆ? ಫ್ಯಾಮಿಲಿ ತಾನೇ?"

"ಪ್ರೆಸ್ ನಟರಾಜನ ಮೇಲಿನ ಅಟ್ಟಕ್ಕೆ ವಾಸು ಅಂತ ಒಬ್ಬ ಬಂದ. ಪೈಲ್ವಾನ್ ಮೈ. ಸತ್ತ ಪ್ರಾಣಿಗಳ ಚರ್ಮಕ್ಕೆ ಹೊಟ್ಟು ತುಂಬುವ ಕಸುಬು. ಬಾಡಿಗೆ ಕೊಡಲಿಲ್ಲ. ನಾತಕ್ಕೆ ಬೀದಿಯವರು ಮೂಗು ಮುಚ್ಚಿಕೊಂಡರು. ಅದನ್ನು ಕೇಳಿದ್ದಕ್ಕೆ, ಮಾಲೀಕ ಬಿಡಿಸೋಕೆ ನೋಡುತ್ತಾನೆ ಅಂತ ಬಾಡಿಗೆ ನಿಯಂತ್ರಣದವರಿಗೆ ನಟರಾಜನ ಮೇಲೇ ದೂರು ಕೊಟ್ಟ."

ನಾಗುವಿನ ಪೆನ್ನು ನಿಂತಿತು. ಅವನ ಮುಖದಲ್ಲಿ ಮೊದಲ ಸಲ ನಿಜವಾದ ನೋವು ಕಂಡಿತು. "ಇಂಥವನೇ ಒಬ್ಬ ನಮ್ಮ ಕತ್ರಿಗುಪ್ಪೆಯಲ್ಲೂ ಇದ್ದಾನೆ ಪದ್ದಕ್ಕ. ಅವನದು ಹೇಗೆ ಖಾಲಿ ಮಾಡಿಸಿದರು?"

"ಹಣೆ ಮೇಲೆ ಕೂತ ಸೊಳ್ಳೆ ಹೊಡೆಯೋಕೆ ಹೋಗಿ ತನ್ನ ಏಟಿಗೆ ತಾನೇ ಸತ್ತ."

ನಾಗು ಅದನ್ನೂ ಬರೆದುಕೊಂಡ.

"ನೀವೆಲ್ಲ ಬರೀ ದೊಡ್ಡವರ ಕಥೆ ಹೇಳ್ತೀರಿ," ಸೀನ ಗೊಣಗಿದ. "ನನಗೆ ಬೇಕಾಗಿರೋದು ಸ್ವಾಮಿಯ ಮಾಲ್ಗುಡಿ."

"ಸ್ವಾಮಿಗೇ ಬೇಡವಾಗಿತ್ತು ಕಣೋ ಅದು. ಹೆಡ್‌ಮಾಸ್ಟರ ಬೆತ್ತಕ್ಕೆ ಹೆದರಿ ಊರು ಬಿಟ್ಟು ಓಡಿದ. ಮೆಂಪಿ ಕಾಡಿನ ದಾರಿಯಲ್ಲಿ ಕತ್ತಲಾಯಿತು, ದಾರಿ ತಪ್ಪಿತು. ಕ್ರಿಕೆಟ್ ಮ್ಯಾಚು ಕೈತಪ್ಪಿತು. ಸಿಟ್ಟಾದ ಗೆಳೆಯ ರಾಜಂ ಸರಿಯಾಗಿ ಒಂದು ಮಾತೂ ಆಡದೆ ರೈಲು ಹತ್ತಿ ಹೊರಟುಹೋದ. ನಿನಗೆ ಬೇಕಾದ ಪುಟ್ಟ ಸ್ಟೇಷನ್ ಇದೆಯಲ್ಲ, ಪುಸ್ತಕ ಮುಗಿಯೋದು ಅಲ್ಲೇ. ಹುಡುಗ ಅಳುತ್ತಾ ನಿಂತಿರುತ್ತಾನೆ."

ಯಾರೋ ಪಕ್ಕದ ಟೇಬಲ್ಲಿನಲ್ಲಿ ಸಾಂಬಾರಿಗೆ ಕೂಗಿದರು.

"ಇನ್ನು ಹೆಂಗಸರ ವಿಷಯ," ಪದ್ದಕ್ಕ ಬಿಡಲಿಲ್ಲ. "ಜಗಲಿ ಮೇಲೆ ನೀನು ಕೂತರೆ ಒಳಗೆ ಕಾಫಿ ಕಾಸುವವರು ಯಾರು? ಆ ಊರಿನ ಸಾವಿತ್ರಿ ಅನ್ನುವವಳು ಗಂಡನ ಕಾಟ ತಾಳದೆ ಸರಯೂಗೆ ಬಿದ್ದಳು. ಯಾರೋ ಎಳೆದು ಉಳಿಸಿದರು. ಮಕ್ಕಳ ಮುಖ ನೆನಪಾಗಿ ಅದೇ ಮನೆಗೆ ವಾಪಸು ಬಂದಳು. ನೀನು ಹೇಳಿದ ಮರಳ ದಂಡೆ ಅದೇ ಸರಯೂದು. ಅದಕ್ಕೇ ನಾನು ಬರೋದಿಲ್ಲ. ನನಗೆ ಕುಕ್ಕರ್ ಬೇಕು, ಮೆಟ್ರೋ ಬೇಕು, ನನ್ನ ಹೆಸರಿನ ಪಾಸ್‌ಬುಕ್ ಬೇಕು."

"ಹಾಗಾದರೆ ಅಷ್ಟು ಸಲ ಯಾಕೆ ಓದಿದ್ದೀರಿ?"

ಈ ಪ್ರಶ್ನೆ ಪದ್ದಕ್ಕ ನಿರೀಕ್ಷಿಸಿರಲಿಲ್ಲ. ತಟ್ಟೆಯಲ್ಲಿ ಉಳಿದ ಚಟ್ನಿಯನ್ನು ಚಮಚದಲ್ಲಿ ಒಂದು ಕಡೆ ಸೇರಿಸಿದಳು.

"ಏಳನೇ ಕ್ಲಾಸಿನಲ್ಲಿ ಅಪ್ಪ ಕೊಡಿಸಿದ್ದು," ಅಂದಳು. "ಓದುವಾಗ ಈಗಲೂ ನಮ್ಮ ಹಳೇ ಮನೆ ಹಂಚಿನ ವಾಸನೆ ಬರುತ್ತೆ. ಪುಸ್ತಕದಲ್ಲಿ ಹಂಚಿನ ಮಾತೇ ಇಲ್ಲ." ಆಮೇಲೆ ಸಾವರಿಸಿಕೊಂಡು, "ಇನ್ನೊಂದು ಗೊತ್ತಾ? ಮಾಲ್ಗುಡಿ ಹುಟ್ಟಿದ್ದೇ ಬೆಂಗಳೂರಿನಲ್ಲಿ. 1930ರಲ್ಲಿ ನಾರಾಯಣರು ಇಲ್ಲಿ ಅಜ್ಜಿ ಮನೆಯಲ್ಲಿದ್ದರು. ಅಜ್ಜಿ ಒಳ್ಳೇ ದಿನ ನೋಡಿ ಕೊಟ್ಟರು. ನೋಟ್‌ಬುಕ್ ತಂದು, ಪೆನ್ನು ಕಚ್ಚುತ್ತಾ ಕೂತರು. ಮೊದಲು ಆ ರೈಲ್ವೆ ಸ್ಟೇಷನ್ ಕಣ್ಣ ಮುಂದೆ ಬಂತಂತೆ. ಅವರು ಬೆಂಗಳೂರಿನಲ್ಲಿ ಕೂತು ಮಾಲ್ಗುಡಿ ಮಾಡಿದರು. ನೀನು ಬೆಂಗಳೂರಿನಲ್ಲಿ ಕೂತು ಏನು ಮಾಡಿದೆ?"

"ಒಂದು ಆ್ಯಪ್."

"ಏನು ಮಾಡುತ್ತೆ ಅದು?"

"ತರಕಾರಿ ಹತ್ತು ನಿಮಿಷಕ್ಕೆ ಬರೋದು ಎಂಟು ನಿಮಿಷಕ್ಕೆ ಬರೋ ಹಾಗೆ."

"ಉಳಿದ ಎರಡು ನಿಮಿಷ ಏನು ಮಾಡಬೇಕು ಜನ?"

"ರೀಲ್ ನೋಡಬಹುದು," ಅಂದ ನಾಗು.

ಸೀನ ನಕ್ಕುಬಿಟ್ಟ. ನಗುತ್ತಾ ನಗುತ್ತಾ ಸೋತವನ ಹಾಗೆ ಕೈಮುಗಿದ. ಆದರೆ ನಾಗು ಹಿಡಿದ ಗಿರಾಕಿಯನ್ನು ಬಿಡುವವನಲ್ಲ. ಡೈರಿಯಲ್ಲಿ ಹೊಸ ಹಾಳೆ ತಿರುಗಿಸಿದ.

"ಎಲ್ಲಾ ಬಿಡಿ. ಪದ್ದಕ್ಕ, ನೀವೇ ಹೇಳಿ. ಆ ಊರಲ್ಲಿ ಒಳ್ಳೇ ಏರಿಯಾ ಯಾವುದು? ನಮ್ಮ ಜಯನಗರದ ಥರ?"

"ಲಾಲಿ ಎಕ್ಸ್‌ಟೆನ್ಷನ್. ದೊಡ್ಡ ರಸ್ತೆ, ದೊಡ್ಡ ಕಾಂಪೌಂಡು."

"ಆಯ್ತು, ಲಾಲಿ ಎಕ್ಸ್‌ಟೆನ್ಷನ್‌ನಲ್ಲಿ ಒಂದು ಮನೆ..."

"ಬೇಡ," ಅಂದರು ರಾಯರು.

ಅಷ್ಟು ಹೊತ್ತು ಅವರು ಮಾತೇ ಆಡಿರಲಿಲ್ಲ. ಕಾಫಿ ಲೋಟದ ಅಂಚನ್ನು ಬೆರಳಿನಲ್ಲಿ ಸುತ್ತುತ್ತಿದ್ದರು.

"ಲಾಲಿ ಎಕ್ಸ್‌ಟೆನ್ಷನ್ ಮನೆ ಬೇಡ ಕಣಯ್ಯ. ಅಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು, ಅವನ ಹೆಂಡತಿ ಮನೆ ನೋಡೋಕೆ ಹೋಗ್ತಾರೆ. ಕೃಷ್ಣ, ಸುಶೀಲ. ಬೆಳಿಗ್ಗೆ ಹೋಟೆಲಲ್ಲಿ ತಿಂಡಿ ತಿಂದು, ನಗ್ತಾ ನಗ್ತಾ ಹೋಗ್ತಾರೆ. ಮನೆ ಅವಳಿಗೆ ಹಿಡಿಸುತ್ತೆ. ಆಮೇಲೆ ಹಿತ್ತಲ ಕಡೆ ಹೋಗ್ತಾಳೆ. ಬರಿಗಾಲು. ಅಲ್ಲಿ ಕಕ್ಕಸಿನ ಬಾಗಿಲು ಹಾಕಿಕೊಂಡು ಬಿಡುತ್ತೆ. ಒಳಗೆಲ್ಲ ಗಲೀಜು, ನೊಣ. ಹೊರಗೆ ಬರೋ ಹೊತ್ತಿಗೆ ನಡುಗ್ತಾ ಇರ್ತಾಳೆ. ಜ್ವರ ಬರುತ್ತೆ. ಡಾಕ್ಟ್ರು ಮೊದಲು ಮಲೇರಿಯಾ ಅಂತಾರೆ. ಆಮೇಲೆ ಟೈಫಾಯ್ಡ್."

ಯಾರೂ ಏನೂ ಅನ್ನಲಿಲ್ಲ.

"ನಾರಾಯಣರ ಹೆಂಡತಿ ಹೋಗಿದ್ದೂ ಟೈಫಾಯ್ಡಿನಿಂದಲೇ. 1939ರಲ್ಲಿ. ರಾಜಂ ಅಂತ ಹೆಸರು. ಪುಟ್ಟ ಮಗಳಿದ್ದಳು. ಆರು ವರ್ಷ ಆದ ಮೇಲೆ ಈ ಕೃಷ್ಣ, ಸುಶೀಲರ ಪುಸ್ತಕ ಬಂತು."

"ಊರು ಅವರದೇ," ಅಂದ ಸೀನ ಮೆಲ್ಲಗೆ. "ಅಲ್ಲಿ ಉಳಿಸಿಕೊಳ್ಳಬಹುದಿತ್ತಲ್ಲ."

"ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಓದಿದಾಗ ಪುಸ್ತಕ ಎಸೆದೆ. ಆಗ ನಮ್ಮ ಮನೆಯಲ್ಲೂ ಅದೇ ವರ್ಷ..." ರಾಯರು ಅದನ್ನು ಮುಗಿಸಲಿಲ್ಲ. "ಮುಂದೆ ಓದಿದ್ದು ತುಂಬಾ ದಿನ ಆದ ಮೇಲೆ. ಅರ್ಧ ಪುಸ್ತಕ ಅವಳು ಇರಲ್ಲ. ಕೊನೇ ಪುಟದಲ್ಲಿ ಬರ್ತಾಳೆ. ಬೆಳಗಿನ ಜಾವ. ಸುಮ್ನೆ ಬಂದು ಪಕ್ಕದಲ್ಲಿ ಕೂತ್ಕೋತಾಳೆ. ಅಷ್ಟೇ."

ದರ್ಶಿನಿಯ ಹುಡುಗ ಬಂದು ಟೇಬಲ್ ಒರೆಸಿದ. ಎಲ್ಲರೂ ತಮ್ಮ ತಮ್ಮ ತಟ್ಟೆ ಎತ್ತಿ ಹಿಡಿದರು. ಒದ್ದೆ ಬಟ್ಟೆಯ ಗೆರೆ ಒಣಗುವವರೆಗೂ ಯಾರೂ ತಟ್ಟೆ ಕೆಳಗಿಡಲಿಲ್ಲ.

ನಾಗು ಕೆಮ್ಮಿದ. 'ಲಾಲಿ ಎಕ್ಸ್‌ಟೆನ್ಷನ್' ಅಂತ ಬರೆದಿದ್ದನ್ನು ಎರಡು ಗೆರೆ ಎಳೆದು ಹೊಡೆದು ಹಾಕಿದ.

"ಅದು ಬೇಡ ರಾಯರೇ. ಕಬೀರ್ ಸ್ಟ್ರೀಟ್ ಕಡೆ ನೋಡೋಣ. ಹಳೇ ಏರಿಯಾ, ಗಟ್ಟಿ ಮನೆಗಳಿರುತ್ತವೆ. ಕಮಿಷನ್ ಬೇಡ ನಿಮ್ಮ ಹತ್ತಿರ."

ಪದ್ದಕ್ಕ ಅವನನ್ನು ಗದರೋಕೆ ಬಾಯಿ ತೆಗೆದಳು. ರಾಯರ ಮುಖ ನೋಡಿ ಸುಮ್ಮನಾದಳು. ಅವರು ನಿಜವಾಗಿ ಯೋಚನೆ ಮಾಡುತ್ತಿದ್ದರು.

"ಎರಡು ರೂಮು ಸಾಕು," ಅಂದರು. "ಹಿತ್ತಲಲ್ಲಿ ಬಾವಿ ಇರಲಿ ಕಣಯ್ಯ. ಅವಳಿಗೆ ನಲ್ಲಿ ನೀರು ಆಗಲ್ಲ."

ನಾಗು 'ಬಾವಿ' ಅಂತ ಬರೆದುಕೊಂಡ.