ಸಹಾಯ ಬೇಕು: ಚಂದಾ ಗೇಮ್‌ನ ಕಾಯಿನ್ ಬೆಲೆ ಬಗ್ಗೆ ದೂರು ಬರೆಯುವುದು ಹೇಗೆ?

ತಿಂಗಳ ಚಂದಾ ಕಟ್ಟಿದರಷ್ಟೇ ಆಡಲು ಬಿಡುವ ಆನ್‌ಲೈನ್ ಗೇಮ್ ಇದು. ಒಳಗಿನ ಅಂಗಡಿಯಲ್ಲಿ ನೇರ ಹಣ ನಡೆಯಲ್ಲ, ಕಾಯಿನ್ ಕೊಳ್ಳಬೇಕು. ಪ್ಯಾಕ್ ಸಿಗೋದು 500, 1000, 2500ರಲ್ಲಿ. ಸವಾರಿ ಕುದುರೆಯ ಬೆಲೆ 1200. ಹಾಗಾಗಿ 1500 ಕೊಳ್ಳಲೇಬೇಕು, 300 ಉಳಿಯುತ್ತದೆ. ಅಂಗಡಿಯ ಅತಿ ಅಗ್ಗದ ವಸ್ತುವೇ 400! ಇದು ಕಾಕತಾಳೀಯ ಅಂತ ನಂಬೋಕೆ ಕಷ್ಟ. ಲೆಕ್ಕ ಹಾಕಿದರೆ ಕುದುರೆಗೆ ಶೇ. 25 ಹೆಚ್ಚು ತೆತ್ತಂತಾಯಿತು. ಚಂದಾ ನಿಲ್ಲಿಸಿದರೆ ಲಾಗಿನ್ ಆಗಲ್ಲ, ಉಳಿದ ಕಾಯಿನ್ ಅಲ್ಲೇ ಕೊಳೆಯುತ್ತದೆ.

ಹಲವು ವಸ್ತು ಒಟ್ಟಿಗೆ ಮಾರುವ ಬಂಡಲ್ ಕಥೆಯೂ ಅಷ್ಟೇ: ಮೂರರಲ್ಲಿ ಎರಡು ವಸ್ತು ಮೊದಲೇ ಇದ್ದರೂ ಬೆಲೆ ಇಳಿಯಲ್ಲ.

ಯುರೋಪಿಯನ್ ಒಕ್ಕೂಟದ ಗ್ರಾಹಕ ರಕ್ಷಣಾ ಜಾಲ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ತತ್ವಗಳಲ್ಲಿ, ವಸ್ತುವಿನ ಬೆಲೆಯನ್ನು ನಿಜ ಹಣದಲ್ಲೂ ತೋರಿಸಬೇಕು, ಬೇಡದ ಕಾಯಿನ್ ಕೊಳ್ಳುವಂತೆ ಮಾಡಬಾರದು ಎಂದಿದೆ. ಒಕ್ಕೂಟದ ಹೊರಗಿನವರು ಇದನ್ನು ದೂರಿನಲ್ಲಿ ಉಲ್ಲೇಖಿಸಿದರೆ ತೂಕ ಬರುತ್ತದೆಯೇ?

ಖರ್ಚಾಗದ ಕಾಯಿನ್‌ಗೆ ರೀಫಂಡ್ ಪಡೆದವರು ಇದ್ದರೆ, ಕಂಪನಿಗೆ ಕಳಿಸುವ ದೂರಿನ ಟಿಕೆಟ್‌ನಲ್ಲಿ ಯಾವ ವಿಭಾಗ ಆರಿಸಿದಿರಿ, ರಸೀದಿ ಜೊತೆ ಏನೇನು ಲಗತ್ತಿಸಿದಿರಿ ತಿಳಿಸಿ. ಬ್ಯಾಂಕ್ ಮೂಲಕ ಚಾರ್ಜ್‌ಬ್ಯಾಕ್ (ಪಾವತಿ ರದ್ದುಮಾಡಿಸಿ ಹಣ ವಾಪಸ್ ಪಡೆಯುವುದು) ಮಾಡಿ ಅನ್ನುವ ಸಲಹೆ ದಯವಿಟ್ಟು ಬೇಡ, ಅದಕ್ಕೆ ಅಕೌಂಟೇ ಲಾಕ್ ಆಗಬಹುದು.